ಭಾನುವಾರದ ಕಾರ್ ಕೋಟಿಂಗ್: ಹೆಸರು ಕೊಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಬೇಸ್‌ಮೆಂಟ್‌ಗೆ ಕಾರಿನ ಬಣ್ಣದ ಮೇಲೆ ಸೆರಾಮಿಕ್ ಕೋಟಿಂಗ್ (ತೆಳುವಾದ ರಕ್ಷಣೆಯ ಲೇಪ) ಹಾಕುವವರು ಬರುತ್ತಾರೆ. ದುಡ್ಡು ಕೊಡುವ ಮುಂಚೆ ಕಾರಿನ ಜೊತೆ ಬಂದ ಮ್ಯಾನ್ಯುಯಲ್ ಒಮ್ಮೆ ತೆಗೆದು ನೋಡಿ. ಕಾರ್ ಕಂಪನಿಯವರು ಹೇಳುವುದು ಸರಳ: ನೆರಳಲ್ಲಿ ತೊಳೆಯಿರಿ, ಕಾರ್ ಶಾಂಪೂ ಬಳಸಿ, ಹಕ್ಕಿ ಹಿಕ್ಕೆ, ಮರದ ಅಂಟು ಬಿದ್ದರೆ ಕೂಡಲೇ ತೆಗೆಯಿರಿ. ಕೋಟಿಂಗ್ ಹಾಕಿಸಿದರೂ ಈ ಕೆಲಸ ತಪ್ಪುವುದಿಲ್ಲ. ಕಲ್ಲು ಸಿಡಿದರೆ ಅದು ತಡೆಯುವುದೂ ಇಲ್ಲ, ಅದಕ್ಕೆ ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್) ಬೇಕು.

ಹೋದ ಬೇಸಿಗೆಯಲ್ಲಿ ಗೇಟ್ ಪಕ್ಕದ ಮಳೆಮರದ ಕೆಳಗೆ ಎರಡು ದಿನ ಕಾರು ನಿಲ್ಲಿಸಿದ್ದೆ. ಬಾನೆಟ್ ಮೇಲೆ ಹಿಕ್ಕೆ ಒಣಗಿ, ತೊಳೆದ ಮೇಲೂ ಐದು ರೂಪಾಯಿ ನಾಣ್ಯದಷ್ಟು ಜಾಗ ಮಂಕಾಗಿಯೇ ಉಳಿಯಿತು. ತುಂಬಾ ಬೇಜಾರಾಯಿತು.

ನಮ್ಮ ಬೋರ್ ನೀರು ಗಡಸು. ತೊಳೆದ ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬಿಳಿ ಚುಕ್ಕೆ ಕೂರುತ್ತದೆ. ಕಾವೇರಿ ನೀರು ಮಾತ್ರ ಬೇಡವೇ ಬೇಡ. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಹೇಳಿದ್ದು ನೆನಪಿದೆ ಅಲ್ವಾ?

ಬೇಕಾದವರು ಶುಕ್ರವಾರ ರಾತ್ರಿಯೊಳಗೆ ಫ್ಲ್ಯಾಟ್ ನಂಬರ್, ಕಾರಿನ ಮಾಡೆಲ್ ಇಲ್ಲಿ ಹಾಕಿ. ಇತ್ತೀಚೆಗೆ ಪೇಂಟ್ ಮಾಡಿಸಿದ್ದರೆ ಅದನ್ನೂ ತಿಳಿಸಿ. ಬಣ್ಣ ಪೂರ್ತಿ ಗಟ್ಟಿಯಾಗದೆ ಕೋಟಿಂಗ್ ಹಾಕಿಸಬಾರದು.