ಸೂಜಿ ಹಿಡಿದವರ ಹೆಸರೂ ಗೋಡೆಯ ಮೇಲಿರಲಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ನಾನು ಧಾರವಾಡದವಳು. ಹನ್ನೊಂದನೇ ವಯಸ್ಸಿನಲ್ಲಿ ದೊಡ್ಡವ್ವನ ಪಕ್ಕ ಕೂತು ಕಸೂತಿ ಕಲಿತೆ. ಇವತ್ತಿಗೂ ಅದನ್ನೇ ಮಾಡುತ್ತೇನೆ, ನಾಲ್ಕು ಮಕ್ಕಳಿಗೆ ಕಲಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಲಾ ಪ್ರದರ್ಶನಕ್ಕೆ ನನ್ನ ಕೆಲಸ ತೆಗೆದುಕೊಂಡು ಹೋಗಿದ್ದೆ. ಕಪ್ಪು ಬಟ್ಟೆಯ ಮೇಲೆ ಒಂದು ತೇರು. ಏಳು ತಿಂಗಳು ಹಿಡಿದಿತ್ತು. ಅರ್ಜಿ ತೆಗೆದುಕೊಳ್ಳುವವರು ಮರ್ಯಾದೆಯಿಂದಲೇ ಮಾತಾಡಿದರು. "ಬಹಳ ಚೆನ್ನಾಗಿದೆ ಮೇಡಂ. ಆದರೆ ಇದು ಹ್ಯಾಂಡಿಕ್ರಾಫ್ಟ್. ಇಲ್ಲಿ ಆರ್ಟ್ ಮಾತ್ರ ತಗೋತೀವಿ" ಅಂದರು. ಕರಕುಶಲ ಮೇಳದಲ್ಲಿ ಮಳಿಗೆ ಹಾಕಿ, ಒಳ್ಳೆ ವ್ಯಾಪಾರ ಆಗುತ್ತದೆ ಎಂದೂ ಹೇಳಿದರು. ಅವರ ಹಿಂದಿನ ಗೋಡೆಯ ಮೇಲೆ ಒಂದು ತೇರಿನ ಚಿತ್ರ ತೂಗುತ್ತಿತ್ತು. ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಬರೆದದ್ದು, ಚೆನ್ನಾಗಿಯೇ ಇತ್ತು. ಕ್ಯಾನ್ವಾಸೂ ಬಟ್ಟೆಯೇ ಅಲ್ವಾ? ಬಟ್ಟೆಯ ಮೇಲೆ ಬಣ್ಣ ಹಚ್ಚಿದರೆ ಕಲೆ, ಅದೇ ಬಟ್ಟೆಯೊಳಗೆ ನೂಲು ಹಾಯಿಸಿದರೆ ಬರೀ ಕುಶಲ ಕೆಲಸ ಹೇಗಾಗುತ್ತದೆ? ಅವತ್ತು ಕೇಳಲು ಬಾಯಿ ಬರಲಿಲ್ಲ. ಈಗ ನಿಮ್ಮನ್ನು ಕೇಳುತ್ತಿದ್ದೇನೆ.

ಕಸೂತಿಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಅದಕ್ಕೆ ಸ್ವಲ್ಪ ಹೇಳುತ್ತೇನೆ. ಬಟ್ಟೆಯ ಮೇಲೆ ನಾವು ಪೆನ್ಸಿಲಿನಿಂದ ಗೆರೆ ಹಾಕುವುದಿಲ್ಲ, ಅಚ್ಚು ಒತ್ತುವುದಿಲ್ಲ. ಎಳೆ ಎಣಿಸುತ್ತೇವೆ. ನಾಲ್ಕು ಎಳೆ ದಾಟಿ ಸೂಜಿ ಕೆಳಗೆ, ಮತ್ತೆ ನಾಲ್ಕು ಎಳೆ ದಾಟಿ ಮೇಲೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ, ಹೊರಟಲ್ಲಿಗೇ ಬಂದು ಸೇರಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಎರಡರಲ್ಲೂ ಬಟ್ಟೆಯ ಹಿಂದು ಮುಂದು ಒಂದೇ ಥರ ಕಾಣಬೇಕು. ಮಧ್ಯೆ ಕವಲು ಬಂದರೆ ಯಾವುದಕ್ಕೆ ಮೊದಲು ಹೋಗಬೇಕು, ಎಲ್ಲಿಂದ ತಿರುಗಬೇಕು ಅನ್ನುವುದನ್ನು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ನಡೆದು ಬಂದಿರಬೇಕು. ನಾನು ಕೆಲಸ ಮುಗಿಸಿ ತಂದಾಗಲೆಲ್ಲ ದೊಡ್ಡವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಮೊದಲ ಹಿಂದ್ಲ ಮಗ್ಗಲಾ ತೋರ್ಸವಾ, ಮುಂದಿಂದು ಆಮ್ಯಾಲೆ ನೋಡೂಣಂತ."

ಇನ್ನೊಂದು ವಿಷಯ. ಕಸೂತಿಯಲ್ಲಿ ದುಂಡು ಗೆರೆಯೇ ಇಲ್ಲ. ನೆಟ್ಟಗೆ, ಅಡ್ಡ, ಓರೆ, ಇಷ್ಟೇ. ಇಷ್ಟರಲ್ಲೇ ನವಿಲಿನ ಕತ್ತು ಬಾಗಬೇಕು, ತೇರಿನ ಗಾಲಿ ಉರುಳಬೇಕು. ನನ್ನ ತೇರಿನ ನಾಲ್ಕನೇ ಅಂತಸ್ತಿನಲ್ಲಿ ಒಂದೇ ಒಂದು ಎಳೆ ಎಣಿಕೆ ತಪ್ಪಿತ್ತು. ಕಳಸಕ್ಕೆ ಬಂದಾಗ ಗೊತ್ತಾಯಿತು, ಇಡೀ ತೇರು ಎಡಕ್ಕೆ ವಾಲಿದೆ. ಒಂಬತ್ತು ದಿನದ ಕೆಲಸ ಬಿಚ್ಚಿದೆ.

"ಆದರೂ ಹಳೇ ನಮೂನೆಯ ನಕಲು ತಾನೇ?" ಎಂದು ಕೇಳುತ್ತಾರೆ. ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ ಎಲ್ಲ ಹಳೆಯವೇ, ನಿಜ. ಹಿಂದೂಸ್ತಾನಿ ಸಂಗೀತಕ್ಕೆ ಹೆಸರಾದ ಊರಲ್ಲಿ ಕೂತು ನಾನು ಒಂದೇ ಉತ್ತರ ಕೊಡಬಲ್ಲೆ. ಭೈರವಿ ರಾಗವೂ ಹಳೆಯದೇ. ಹಾಡಿದವರನ್ನು ನಾವು ಕಲಾವಿದರು ಅನ್ನುತ್ತೇವೆ. ನಾನು ಕಲಿತ ನಮೂನೆಯಲ್ಲಿ ತೇರು ಒಂಟಿಯಾಗಿ ನಿಂತಿತ್ತು. ನಾನು ಅದಕ್ಕೆ ಹಗ್ಗ ಕಟ್ಟಿ, ಎಳೆಯುವ 32 ಜನರನ್ನು ಸೇರಿಸಿದೆ. ಅವರಲ್ಲಿ ಒಬ್ಬಾಕೆ ಮಾತ್ರ ಹಗ್ಗ ಹಿಡಿದೇ ಹಿಂದೆ ತಿರುಗಿ ನೋಡುತ್ತಿದ್ದಾಳೆ. ಅವಳು ನಮ್ಮ ದೊಡ್ಡವ್ವ. ಅವಳು ತೀರಿಕೊಂಡ ವರ್ಷ ಮಾಡಿದ ಕೆಲಸ ಅದು.

ಸೂಜಿ ಮುಟ್ಟಿದ್ದೆಲ್ಲ ಕಲೆ ಎಂದು ನಾನು ವಾದಿಸುವುದಿಲ್ಲ. ಸುಮ್ನೆ ಎಣಿಸಿ ಹೊಲಿದದ್ದೂ ಇರುತ್ತದೆ, ಮಷಿನ್ನಿನಲ್ಲಿ ಹೊಡೆದು ಕಸೂತಿ ಅಂತ ಮಾರುವುದೂ ಇದೆ. ಚಿತ್ರದಲ್ಲೂ ಸಾಧಾರಣವಾದದ್ದು ಬೇಕಾದಷ್ಟಿದೆ. ಅಲ್ಲಿ ಒಳ್ಳೆಯದನ್ನು ಆರಿಸಲು ತಜ್ಞರು ಕೂತು ನೋಡುತ್ತಾರೆ. ನಮ್ಮದನ್ನು ನೋಡುವ ಮೊದಲೇ ಬಾಗಿಲು ಹಾಕುತ್ತಾರೆ. ನೋವು ಅಷ್ಟೇ.

ಈ ಬಾಗಿಲು ನಮ್ಮ ಹಿರಿಯರು ಹಾಕಿದ್ದಲ್ಲ. ಕಾಮಸೂತ್ರದಲ್ಲಿ ವಾತ್ಸ್ಯಾಯನ ಕೊಟ್ಟ 64 ಕಲೆಗಳ ಪಟ್ಟಿಯಲ್ಲಿ ಹಾಡು, ಕುಣಿತ, ಚಿತ್ರದ ಜೊತೆಗೇ 'ಸೂಚೀವಾನಕರ್ಮ' ಅಂದರೆ ಸೂಜಿ ಮತ್ತು ನೇಯ್ಗೆಯ ಕೆಲಸವೂ ಇದೆ. ಲಂಡನ್ನಿನಲ್ಲಿ 1768ರಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾ ಸಂಸ್ಥೆ ಶುರುವಾಗಿ ಒಂದೆರಡು ವರ್ಷದಲ್ಲೇ ಸೂಜಿ ಕೆಲಸವನ್ನು ಪ್ರದರ್ಶನಕ್ಕೆ ಸೇರಿಸಬಾರದು ಎಂದು ನಿಯಮ ಮಾಡಿದರು. ಹೆಚ್ಚಾಗಿ ಹೆಂಗಸರು ಮನೆಯಲ್ಲಿ ಕೂತು ಮಾಡುತ್ತಿದ್ದ ಕೆಲಸ ಅದು. ಹೊರಗಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮಲ್ಲೂ ಇದು ಅಡುಗೆ, ಮಕ್ಕಳು, ದನಕರು ಎಲ್ಲ ಮುಗಿದ ಮೇಲಿನ ಕೆಲಸ. ಹಾಗಾಗಿ ಯಾರೂ ಹೆಸರು ಕೇಳಲಿಲ್ಲ. ಆದರೆ ಕವಿತೆ ಹೊಗಳುವಾಗ 'ಕುಸುರಿ' ಬೇಕು, ಕಾದಂಬರಿ ಹೊಗಳುವಾಗ 'ಹೆಣಿಗೆ' ಬೇಕು. ಮಾತು ನಮ್ಮ ಕೈಯಿಂದ ಹೋದದ್ದು, ಗೌರವ ಮಾತ್ರ ಇತ್ತ ತಿರುಗಲಿಲ್ಲ.

ಸರ್ಕಾರದೊಳಗೂ ಇದೇ ಗೆರೆ ಇದೆ. ಚಿತ್ರ, ಶಿಲ್ಪ, ಯಕ್ಷಗಾನ, ಜಾನಪದಕ್ಕೆ ನಿಮ್ಮ ಇಲಾಖೆ, ಒಂದೊಂದಕ್ಕೂ ಅಕಾಡೆಮಿ. ಕಸೂತಿ ಬಂದ ಕೂಡಲೇ ಕಡತ ಕೈಗಾರಿಕೆ, ಜವಳಿ, ಕರಕುಶಲ ನಿಗಮದ ಕಡೆ ಹೋಗುತ್ತದೆ. ಅವರು ಮಾರಾಟ ನೋಡುತ್ತಾರೆ, ಅದೂ ಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ ಎಷ್ಟೋ ಮನೆಗಳ ಒಲೆ ಉರಿಯುವಂತೆ ಮಾಡಿದರು. ನಾಟಕಕ್ಕೆ ದುಡಿದ ಜೀವವೇ ನೂಲಿಗೂ ದುಡಿಯಿತು. ನಾವು ಆ ಎರಡನ್ನೂ ಬೇರೆ ಬೇರೆ ಕಟ್ಟಡದಲ್ಲಿ ಇಟ್ಟಿದ್ದೇವೆ. ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದು ಹೆಸರನ್ನು, ನೆಲವನ್ನು ಕಾಯುತ್ತದೆ. ಮಾಡಿದವಳು ಯಾರು ಎಂದು ಹೇಳುವುದಿಲ್ಲ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಲಾಯಿತು. ಹೊಲಿದವರು 450ಕ್ಕೂ ಜಾಸ್ತಿ ಹೆಣ್ಣುಮಕ್ಕಳು. ನನಗೆ ಬಹಳ ಖುಷಿಯಾಯಿತು. ಆದರೆ ಸರ್, ಸಂಖ್ಯೆ ನಮಗೆಲ್ಲ ನೆನಪಿದೆ. ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೆ?

ದಾರಿ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಹಿಮಾಚಲದ ಚಂಬಾ ರುಮಾಲು ಹೊಲಿಗೆಯ ಲಲಿತಾ ವಕೀಲ್, 2023ರಲ್ಲಿ ಬಂಗಾಳದ ಕಾಂತಾ ಹೊಲಿಗೆಯ ಪ್ರೀತಿಕಣಾ ಗೋಸ್ವಾಮಿ, 2024ರಲ್ಲಿ ಲಖನೌದ ಚಿಕನ್‌ಕಾರಿ ಹೊಲಿಗೆಯ ನಸೀಮ್ ಬಾನೋ ಅವರಿಗೆ ಪದ್ಮಶ್ರೀ ಕೊಟ್ಟಿತು. ಮೂವರಿಗೂ ಕೊಟ್ಟದ್ದು 'ಕಲೆ' ವಿಭಾಗದಲ್ಲೇ. ದಿಲ್ಲಿಯಲ್ಲಿ ಕಲೆಯಾದದ್ದು ಬೆಂಗಳೂರಿನಲ್ಲಿ ಯಾಕೆ ಆಗಬಾರದು?

ಶಿಲ್ಪಕ್ಕೆ ಜಕಣಾಚಾರಿ ಪ್ರಶಸ್ತಿ, ಚಿತ್ರಕ್ಕೆ ವೆಂಕಟಪ್ಪ ಪ್ರಶಸ್ತಿ ಕೊಡುವ ಇಲಾಖೆ ನಿಮ್ಮದು. ಅದರ ಸಾಲಿನಲ್ಲಿ ನೂಲಿನ ಕಲೆಗೂ ಒಂದು ಪ್ರಶಸ್ತಿ ಇಡಿ. ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನದಲ್ಲಿ ಕಸೂತಿ, ಲಂಬಾಣಿ ಕೆಲಸ, ನೇಯ್ಗೆಗೆ ಜಾಗ ಕೊಡಿ. ಆರಿಸುವ ಸಮಿತಿಯಲ್ಲಿ ಸೂಜಿ ಹಿಡಿದು ಗೊತ್ತಿರುವ ಒಬ್ಬರಾದರೂ ಕೂತಿರಲಿ, ಬಟ್ಟೆಯ ಹಿಂದಿನ ಮಗ್ಗಲು ನೋಡಬೇಕು ಅನ್ನುವುದು ಅವರಿಗೇ ಹೊಳೆಯುವುದು. ಮತ್ತೆ ಇದಕ್ಕಂತೂ ಹಣವೇ ಬೇಡ: ಸರ್ಕಾರ ಅತಿಥಿಗಳಿಗೆ ಹೊದಿಸುವ ಕಸೂತಿ ಶಾಲಿನ ಜೊತೆ ಒಂದು ಚೀಟಿ ಇರಲಿ. ಮಾಡಿದವರ ಹೆಸರು, ಊರು, ಹಿಡಿದ ದಿನಗಳು. ಮ್ಯೂಸಿಯಮ್ಮಿನ ಗಾಜಿನೊಳಗಿರುವ ಹಳೆಯ ಸೀರೆಗಳಿಗೆ ಹೆಸರು ಹುಡುಕುವುದು ಕಷ್ಟ. ಇವತ್ತು ಬದುಕಿರುವವರ ಹೆಸರನ್ನಾದರೂ ಬರೆದಿಡೋಣ.

ನನ್ನ ತೇರು ಈಗ ಬಿಳಿ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿದೆ. ಮಾರಿಲ್ಲ. ನಿಮ್ಮ ಅಕಾಡೆಮಿಯ ಅರ್ಜಿಯಲ್ಲಿ 'ಮಾಧ್ಯಮ' ಅನ್ನುವ ಕಡೆ 'ಕಪ್ಪು ಬಟ್ಟೆ, ರೇಷ್ಮೆ ನೂಲು' ಎಂದು ಬರೆಯಬಹುದು ಅಂತ ತಿಳಿಸಿ. ಮೊದಲ ಬಸ್ಸಿಗೇ ಹಿಡಿದುಕೊಂಡು ಬರುತ್ತೇನೆ.

ಇಂತಿ,
ಧಾರವಾಡದ ಒಬ್ಬ ಕಸೂತಿ ಕಲಾವಿದೆ