ಗುಂಡಿಗೆ ಡಾಂಬರು ಸಾಲದು, ನೀರಿಗೆ ದಾರಿ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಪಾಲಿಕೆ ಒಂದಿದ್ದದ್ದು ಐದಾಯಿತು. ಗುಂಡಿ ಮುಚ್ಚುವ ಕ್ರಮ ಮಾತ್ರ ಹಳೆಯದೇ. ಕೆಸರು ತುಂಬಿದ ಗುಂಡಿಗೆ ನಾಲ್ಕು ಸಲಿಕೆ ಹಾಟ್‌ಮಿಕ್ಸ್ (ಡಾಂಬರು, ಜಲ್ಲಿಯ ಬಿಸಿ ಮಿಶ್ರಣ) ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ, ಟ್ರ್ಯಾಕ್ಟರ್ ಮುಂದಕ್ಕೆ ಹೋಗುತ್ತದೆ. ಒಂದು ಜೋರು ಮಳೆಗೆ ಅದೇ ಜಲ್ಲಿ ಎದ್ದು ದ್ವಿಚಕ್ರ ವಾಹನಗಳ ಚಕ್ರದಡಿ ಹರಡಿರುತ್ತದೆ.

ಸರಿಯಾದ ಕೆಲಸಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಗುರುತು ಹಾಕಿ, ಅಂಚು ನೇರವಾಗಿ ನಿಲ್ಲುವಂತೆ ಕತ್ತರಿಸಬೇಕು. ಇಳಿಜಾರು ಅಂಚಿನಲ್ಲಿ ಮಿಕ್ಸ್ ತೆಳುವಾಗಿ ಕೂತು ಮೊದಲು ಕಿತ್ತು ಬರುವುದೇ ಅಲ್ಲಿಂದ. ಸಡಿಲ ಜಲ್ಲಿ, ಮಣ್ಣು ತೆಗೆದು ತಳ ಒಣಗಿಸಬೇಕು. ತಳಕ್ಕಷ್ಟೇ ಅಲ್ಲ, ನಾಲ್ಕೂ ಬದಿಗೂ ಟ್ಯಾಕ್ ಕೋಟ್, ಅಂದರೆ ಹಳೆಯದಕ್ಕೆ ಹೊಸದನ್ನು ಅಂಟಿಸುವ ತೆಳು ಡಾಂಬರು, ಬಳಿಯಬೇಕು. ಆಳವಿದ್ದರೆ ಪದರ ಪದರವಾಗಿ ತುಂಬಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ದೊಡ್ಡ ರೋಲರ್ ಚಕ್ರ ಸಣ್ಣ ಗುಂಡಿಯೊಳಗೆ ಇಳಿಯುವುದೇ ಇಲ್ಲ. ಅಲ್ಲಿಗೆ ಕುಟ್ಟಿ ಗಟ್ಟಿ ಮಾಡುವ ಸಣ್ಣ ಯಂತ್ರ, ಪ್ಲೇಟ್ ಕಂಪ್ಯಾಕ್ಟರ್ ಬೇಕು.

ಕೆಡುವುದು ಹೆಚ್ಚಾಗಿ ಬಿಸಿಯ ವಿಷಯದಲ್ಲಿ. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಕ್ಸ್ ಪ್ಲಾಂಟಿನಿಂದ 150ರಿಂದ 165 ಡಿಗ್ರಿಯಲ್ಲಿ ಹೊರಡಬೇಕು, ಹಾಸುವಾಗ 140ಕ್ಕಿಂತ ಇಳಿದಿರಬಾರದು, 90ಕ್ಕೆ ಇಳಿಯುವ ಮೊದಲೇ ರೋಲಿಂಗ್ ಮುಗಿಯಬೇಕು. ಪ್ಲಾಂಟ್‌ಗಳಿರುವುದು ಊರಾಚೆ. ಟಾರ್ಪಾಲಿನ್ ಹೊದಿಸದ ಲಾರಿ ಟ್ರಾಫಿಕ್‌ನಲ್ಲಿ ನಿಂತು ಬರುವಷ್ಟರಲ್ಲಿ ಮಿಕ್ಸ್ ಉಂಡೆಗಟ್ಟಿರುತ್ತದೆ. ಅದನ್ನು ಎಷ್ಟು ಕುಟ್ಟಿದರೂ ಒಳಗೆ ಸಂದು ಉಳಿದು ನೀರು ಇಳಿಯುತ್ತದೆ. ಸ್ಥಳದಲ್ಲಿ ಥರ್ಮಾಮೀಟರ್ ಹಿಡಿದ ಎಂಜಿನಿಯರ್ ಎಷ್ಟು ಜನರಿಗೆ ಕಂಡಿದ್ದಾರೆ?

ಇಷ್ಟೆಲ್ಲ ಮಾಡಿದರೂ ನೀರು ನಿಲ್ಲುವ ಕಡೆ ತೇಪೆ ಉಳಿಯದು. ಬೆಂಗಳೂರು ದಿಣ್ಣೆಯ ಮೇಲಿನ ಊರು. ಮಳೆನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ತಾನಾಗಿ ಇಳಿಯಬೇಕು. ಆದರೂ ರಸ್ತೆಯ ಎಡ ಅಂಚಿನಲ್ಲಿ ಅದು ಗಂಟೆಗಟ್ಟಲೆ ನಿಲ್ಲುವುದಕ್ಕೆ ನಾವು ಹಾಕಿದ ಡಾಂಬರೇ ಕಾರಣ. ಹಳೆಯದನ್ನು ಕೆರೆಯದೆ ಪ್ರತಿ ಸಲ 40 ಮಿ.ಮೀ. ಪದರ ಹಾಕುತ್ತಾ ಹೋದರೆ ಎರಡೇ ಸಲಕ್ಕೆ ರಸ್ತೆಯಂಚಿನ 150 ಮಿ.ಮೀ. ಎತ್ತರದ ಕರ್ಬ್ ಕಲ್ಲು ಅರ್ಧ ಹೂತುಹೋಗುತ್ತದೆ. ಚರಂಡಿಗೆ ನೀರು ಬಿಡುವ ಕಿಂಡಿಯೂ ಜೊತೆಗೇ ಮುಚ್ಚುತ್ತದೆ. ಉಳಿದ ಸಂದನ್ನು ಎಲೆ, ಪ್ಲಾಸ್ಟಿಕ್, ಮನೆ ಕಟ್ಟುವವರ ಸಿಮೆಂಟ್ ನೀರು ಮುಚ್ಚುತ್ತವೆ. ನಿಂತ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಬಸ್ಸಿನ ಚಕ್ರ ಆ ನೀರನ್ನು ಒಳಕ್ಕೊತ್ತುತ್ತದೆ. ಗುಂಡಿಗಳು ರಸ್ತೆ ಅಂಚಿನಲ್ಲಿ, ಬಸ್ ನಿಲ್ದಾಣದ ಮುಂದೆ, ಮ್ಯಾನ್‌ಹೋಲ್ ಸುತ್ತ ಹೆಚ್ಚಿರುವುದು ಇದರಿಂದಲೇ. ವೈಟ್‌ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಸು) ಮಾಡಿದ ಕಡೆ ಮುಖ್ಯರಸ್ತೆಯಲ್ಲಿ ಗುಂಡಿ ಕಡಿಮೆ, ನಿಜ. ಎತ್ತರ ನೋಡಿಕೊಳ್ಳದ ಕಡೆ ಅಡ್ಡರಸ್ತೆಗಳು ತಗ್ಗಾಗಿ ನೀರು ಅತ್ತ ನುಗ್ಗುತ್ತದೆ.

ಅಗೆತದ ಗೋಳು ಬೇರೆ. ಕೊಳವೆ, ಕೇಬಲ್ ಹಾಕಿದ ಮೇಲೆ ಮಣ್ಣನ್ನು ಒಮ್ಮೆಗೇ ತಳ್ಳಿ ಮೇಲೆ ಡಾಂಬರು ಬಳಿದರೆ ಅದು ಕುಸಿಯದೆ ಇನ್ನೇನಾದೀತು? ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುನಿರ್ಮಾಣ ಕಾಮಗಾರಿಯಲ್ಲಿ, ಮತ್ತೆ ಅಗೆಯದೆ ಕೇಬಲ್ ಎಳೆಯಲು ಪಾದಚಾರಿ ಮಾರ್ಗದಡಿ ಕೊಳವೆ ಬಿಟ್ಟರು. ಅಷ್ಟು ದುಬಾರಿ ಕಲ್ಲುಹಾಸು ಎಲ್ಲ ಬಡಾವಣೆಗೂ ಬೇಕಿಲ್ಲ, ಆ ಕೊಳವೆಗಳು ಮಾತ್ರ ಬೇಕು.

ಮುಂದಿನ ಟೆಂಡರ್‌ಗಳಲ್ಲಿ ಹಳೆ ಡಾಂಬರು ಕೆರೆಯುವ ಮಿಲ್ಲಿಂಗ್, ಕಿಂಡಿ ತೆರವು, ಮ್ಯಾನ್‌ಹೋಲ್ ಚೌಕಟ್ಟನ್ನು ರಸ್ತೆ ಮಟ್ಟಕ್ಕೆ ತರುವುದು ಈ ಮೂರನ್ನೂ ಪ್ರತ್ಯೇಕ ಬಾಬತ್ತಾಗಿ ಸೇರಿಸಲಿ. ಕತ್ತರಿಸಿದ ಗುಂಡಿಯ ಮತ್ತು ಥರ್ಮಾಮೀಟರ್ ಅಂಕಿಯ ಫೋಟೊ ಇಲ್ಲದ ಬಿಲ್ಲನ್ನು ಲೆಕ್ಕಪತ್ರ ವಿಭಾಗ ವಾಪಸ್ ಕಳಿಸಲಿ.

– ರಸ್ತೆ ಕಾಮಗಾರಿ ಮೇಲ್ವಿಚಾರಕ, ಬೆಂಗಳೂರು