28 ದಿನ ಕಾಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಕಟ್ಟಡ ಸಾಮಗ್ರಿಗಳ ಎಂಜಿನಿಯರಿಂಗ್ ಓದುತ್ತೇನೆ ಅಂದವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: 'ಸಿಮೆಂಟು, ಮರಳು, ಜಲ್ಲಿ ಬಗ್ಗೆ ವರ್ಷಗಟ್ಟಲೆ ಓದೋಕೆ ಏನಿದೆ?' ನನ್ನನ್ನೂ ಕೇಳಿದ್ದರು. ಓದು ಮುಗಿಸಿ, ಸೈಟ್‌ಗಳಲ್ಲಿ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ, ಓದೋಕೆ ಬೇಕಾದಷ್ಟಿದೆ. ನನಗೆ ಬೇಸರ ಇರುವುದು ಅದನ್ನು ಕಲಿಸುವ ರೀತಿಯ ಬಗ್ಗೆ.

ಕಾಲೇಜಿನಲ್ಲಿ ನಮ್ಮ ತಂಡ ಮೊದಲ ಸಲ ಕಾಂಕ್ರೀಟ್ ಕಲಸಿದಾಗ ಬಲ ಪರೀಕ್ಷಿಸಲು ಆರು ಕ್ಯೂಬ್ (ಘನಾಕೃತಿಯ ಕಾಂಕ್ರೀಟ್ ತುಂಡು) ಮಾಡಬೇಕಿತ್ತು. 150 ಮಿ.ಮೀ. ಅಳತೆಯವು. ಮಿಶ್ರಣ ಗಟ್ಟಿಯಾಗಿತ್ತು, ರಾಡ್‌ನಿಂದ ಕುಟ್ಟಿ ಕುಟ್ಟಿ ಕೈ ಸೋತಿತ್ತು. ಮೂರು ಕ್ಯೂಬ್ ಆದ ಮೇಲೆ ಉಳಿದದ್ದಕ್ಕೆ ಒಂದಿಷ್ಟು ನೀರು ಜಾಸ್ತಿ ಸುರಿದೆವು. ಸಲೀಸಾಗಿ ಅಚ್ಚಿಗೆ ಇಳಿಯಿತು. ಹಸಿ ಮಿಶ್ರಣ ಎಷ್ಟು ಕುಸಿಯುತ್ತದೆ ಅಂತ ನೋಡುವ ಶಂಕುವಿನಾಕಾರದ ಅಚ್ಚನ್ನು, ಅಂದರೆ ಸ್ಲಂಪ್ ಕೋನನ್ನು, ಎತ್ತಿದಾಗ ಮೊದಲ ಮಿಶ್ರಣ ಸ್ವಲ್ಪವೇ ಕುಸಿದು ನಿಂತಿತ್ತು. ನೀರು ಜಾಸ್ತಿಯಾದದ್ದು ತಟ್ಟೆ ತುಂಬಾ ಹರಡಿಕೊಂಡಿತು. ನಮ್ಮ ಮೇಷ್ಟ್ರು ನೋಡಿದರು, ಬೈಯಲಿಲ್ಲ. 'ಎರಡನ್ನೂ ಬೇರೆ ಬೇರೆ ಗುರುತು ಮಾಡಿ ನೀರಲ್ಲಿ ಇಡಿ' ಅಂದರು ಅಷ್ಟೆ.

ಕಾಂಕ್ರೀಟ್‌ನ ಬಲವನ್ನು ಸಾಮಾನ್ಯವಾಗಿ ಅಳೆಯುವುದು 28ನೇ ದಿನ. ಅಷ್ಟು ದಿನ ಕಳೆದು, ಕ್ಯೂಬ್‌ಗಳನ್ನು ಒತ್ತಿ ಒಡೆಯುವ ಮಷಿನ್‌ಗೆ ಇಟ್ಟೆವು. ಮೊದಲ ಮೂರಕ್ಕೆ ಭಾರ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ನೀರು ಕುಡಿದ ಕ್ಯೂಬ್‌ಗಳಲ್ಲಿ ಅದು ಬೇಗ ನಿಂತುಬಿಟ್ಟಿತು. ಸುತ್ತಲಿನ ಚೂರುಗಳು ಉದುರಿ, ನಡುವೆ ಸೊಂಟ ಸಣ್ಣಗಾದ ಒಂದು ಗಟ್ಟಿ ಉಳಿಯಿತು. ಲೆಕ್ಕ ಹಾಕಿದರೆ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಕಮ್ಮಿ. ನೀರು ಹೆಚ್ಚಾದಷ್ಟೂ ಬಲ ಇಳಿಯುತ್ತದೆ ಅಂತ ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಏಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ತಗೊಂಡಿದ್ದೆ. ಅರ್ಥವಾಗಿದ್ದು ಆ ದಿನ. ಸಿಮೆಂಟ್ ಗಟ್ಟಿಯಾಗುವ ಕ್ರಿಯೆಗೆ ಅದರ ತೂಕದ ಕಾಲು ಭಾಗದಷ್ಟು ನೀರು ಬೇಕಾಗುತ್ತದೆ. ಬಹಳ ಜಾಸ್ತಿಯಾದರೆ ಉಳಿದ ನೀರು ಆರಿಹೋಗಿ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಅದೇ ದಾರಿಯಲ್ಲಿ ತೇವ, ಉಪ್ಪು ಒಳಗಿನ ಕಬ್ಬಿಣದ ಸರಳಿನ ತನಕ ಹೋಗುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟ್ ಸೀಳುತ್ತದೆ.

ಈಗ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಕೆಲವರು ಸ್ಲಂಪ್ ಕೋನನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರುವುದಿಲ್ಲ. ಕೇಳಿದರೆ, ಲ್ಯಾಬ್‌ನಲ್ಲಿ ಒಬ್ಬರು ಮಾಡಿ ತೋರಿಸಿದರು, ಉಳಿದವರು ನಿಂತು ನೋಡಿದೆವು ಅನ್ನುತ್ತಾರೆ. 7 ದಿನಕ್ಕೇ ಕ್ಯೂಬ್ ಒಡೆದು, 28 ದಿನದ ಅಂಕಿಯನ್ನು ಅಂದಾಜಿನಲ್ಲಿ ರೆಕಾರ್ಡ್‌ಗೆ ಬರೆದವರೂ ಇದ್ದಾರೆ. ತಪ್ಪು ಅವರದಲ್ಲ. ಕಾಯುವುದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗವೇ ಇರುವುದಿಲ್ಲ.

ಈ ಕಾಯುವಿಕೆ ಮುಂದೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್‌ನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಗೂಡಿನಲ್ಲಿ ಸುಣ್ಣದ ಕಲ್ಲನ್ನು ಸುಡುವಾಗ ಆ ಕಲ್ಲಿನಿಂದಲೇ ಬರುತ್ತದೆ. ಬರೀ ಇಂಧನ ಬದಲಿಸಿದರೆ ಅದು ನಿಲ್ಲುವುದಿಲ್ಲ, ಸಿಮೆಂಟನ್ನೇ ಕಮ್ಮಿ ಮಾಡಬೇಕು. ಸಿಮೆಂಟ್‌ನ ಒಂದು ಪಾಲಿನ ಬದಲು ಬೆರೆಸುವ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ), ಉಕ್ಕಿನ ಕಾರ್ಖಾನೆಯ ಕಿಟ್ಟ (ಸ್ಲ್ಯಾಗ್), ಸುಟ್ಟ ಜೇಡಿಮಣ್ಣು ಇದಕ್ಕೇ ಬೇಕಾಗಿರುವುದು. ಹಾರುಬೂದಿ ಹೆಚ್ಚು ಬೆರೆಸಿದ ಕಾಂಕ್ರೀಟ್ ನಿಧಾನಕ್ಕೆ ಬಲಗೊಳ್ಳುತ್ತದೆ. 7 ದಿನಕ್ಕೆ ಹಿಂದೆ ಬಿದ್ದದ್ದು 90 ದಿನಕ್ಕೆ ಸರಿಸಮ ಬರಬಹುದು, ಮುಂದೆಯೂ ಹೋಗಬಹುದು. ಒಂದು ಸಲವೂ ಕಾದು ನೋಡದವರು ಅದನ್ನು ಏಳನೇ ದಿನವೇ ತಿರಸ್ಕರಿಸುತ್ತಾರೆ, ಅಲ್ವಾ?

ಹಾಗಾಗಿ ವಿಶ್ವವಿದ್ಯಾಲಯಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ಪ್ರತಿಯೊಬ್ಬರೂ ತಮ್ಮ ಕೈಯಾರೆ ಕಲಸಿ ಕ್ಯೂಬ್ ಮಾಡಲಿ. 7, 28, 90 ದಿನಕ್ಕೆ ಅವರೇ ಒಡೆಯಲಿ. ಫಲಿತಾಂಶ ಕೆಟ್ಟದಾಗಿ ಬಂದರೆ ಅಂಕ ಕಡಿಯಬೇಡಿ, ಯಾಕೆ ಹಾಗಾಯಿತು ಅಂತ ಬರೆಸಿ.

ಈ ಕೋರ್ಸ್ ಸೇರಬೇಕು ಅಂದುಕೊಂಡಿರುವವರಿಗೂ ಒಂದು ಮಾತು. ಕಾಲೇಜು ನೋಡಲು ಹೋದಾಗ ಲ್ಯಾಬ್‌ನ ಕ್ಯೂರಿಂಗ್ ಟ್ಯಾಂಕ್, ಅಂದರೆ ಕ್ಯೂಬ್‌ಗಳನ್ನು ನೀರಲ್ಲಿ ಇಡುವ ತೊಟ್ಟಿ, ತೋರಿಸಿ ಅಂತ ಕೇಳಿ. ಅದರಲ್ಲಿ ನೀರಿದೆಯಾ, ಕ್ಯೂಬ್‌ಗಳ ಮೇಲೆ ವಿದ್ಯಾರ್ಥಿಗಳ ಹೆಸರು, ತಾರೀಕು ಬರೆದಿದೆಯಾ ನೋಡಿ.

ಇಂತಿ,
ಒಬ್ಬ ಸಾಮಗ್ರಿ ಎಂಜಿನಿಯರ್